ಋತುವಿಗೊಂದು ಬುತ್ತಿ

ಬೆಂಗಳೂರಿನ ಗೃಹಿಣಿಯೊಬ್ಬಳ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಪೆನ್ಸಿಲಿನ ಗುರುತುಗಳು ಕೆಲವುಂಟು. ಅವು ಹಾಲಿನ ಲೆಕ್ಕವಲ್ಲ, ಪತ್ರಿಕೆಯ ಲೆಕ್ಕವೂ ಅಲ್ಲ. ಪುಷ್ಯಮಾಸದ ಪಕ್ಕದಲ್ಲಿ ‘ಅವರೆ, ಆಲೆಮನೆ’ ಎಂದು ಬರೆದಿದೆ, ಮಾಘಕ್ಕೂ ಫಾಲ್ಗುಣಕ್ಕೂ ನಡುವೆ ‘ಕೊಕ್ಕರೆ’, ವೈಶಾಖಕ್ಕೆ ‘ಎಳನೀರು’, ಶ್ರಾವಣಕ್ಕೆ ‘ಗಗನಚುಕ್ಕಿ’. ಮಂಡ್ಯದ ಬಳಿಯ ಹಳ್ಳಿಯಲ್ಲಿ ಹುಟ್ಟಿ ಬೆಂಗಳೂರಿಗೆ ಸೊಸೆಯಾಗಿ ಬಂದ ಈಕೆ ತನ್ನ ತವರನ್ನು ಇಬ್ಬರು ಮಕ್ಕಳಿಗೆ ಹೀಗೆ ಕಂತುಕಂತಾಗಿ ಉಣಿಸುತ್ತಿದ್ದಾಳೆ. ಒಮ್ಮೆಲೇ ಬಡಿಸಿದರೆ ಪಟ್ಟಣದ ಮಕ್ಕಳಿಗೆ ಅಜೀರ್ಣವಾದೀತು!

ಪ್ರಯಾಣದ ವಿಷಯದಲ್ಲಿ ಮಾತ್ರ ಮನೆಯಲ್ಲಿ ಪ್ರತಿ ಸಲವೂ ಒಂದು ಸಣ್ಣ ಚರ್ಚೆ ಇದ್ದದ್ದೇ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯು ಹೊಸ ರೂಪದಲ್ಲಿ ಉದ್ಘಾಟನೆಯಾದ ಮೇಲೆ, ಮದ್ದೂರು ಮಂಡ್ಯಗಳ ಪೇಟೆಬೀದಿಯನ್ನು ಮುಟ್ಟದೆಯೇ ಕಾರು ಹಾರಿಹೋಗುತ್ತದೆ.

“ಕಾರಿನಲ್ಲಿ ಹೋದರೆ ಎಷ್ಟು ಹೊತ್ತು ಉಳಿಯುತ್ತದೆ ಗೊತ್ತೆ?” ಎಂದು ಯಜಮಾನರು.

“ಉಳಿಸಿದ ಹೊತ್ತನ್ನು ಏನು ಮಾಡುತ್ತೀರಿ?” ಎಂದು ಆಕೆ.

ಉತ್ತರವಿಲ್ಲದ ಕಾರಣ ಸಂಸಾರ ರೈಲು ಹತ್ತುತ್ತದೆ. ರೈಲಿನ ಪರವಾಗಿ ಮಕ್ಕಳ ಮತ ಬೀಳುವುದು ಮದ್ದೂರು ವಡೆಯ ದೆಸೆಯಿಂದ. ಕರಾವಳಿಯಿಂದ ಬಂದ ರಾಮಚಂದ್ರ ಬುಧ್ಯ ಎಂಬವರು ಮದ್ದೂರಿನ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದರೆಂದೂ, 1917ರಲ್ಲಿ ಒಂದು ದಿನ ರೈಲು ಬರುವ ವೇಳೆಗೆ ಪಕೋಡ ಕರಿಯಲು ಸಮಯ ಸಾಲದೆ ಅದೇ ಹಿಟ್ಟನ್ನು ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದೂ ಪ್ರತೀತಿ. ಅವಸರದಲ್ಲಿ ಹುಟ್ಟಿದ ಈ ತಿಂಡಿಯನ್ನು ಅವಸರದಲ್ಲಿ ಮಾಡಲಾಗದು ಎಂಬುದೇ ತಮಾಷೆ. ಅಕ್ಕಿಹಿಟ್ಟು, ರವೆ, ಮೈದಾಗಳಿಗೆ ಕಾಯಿಸಿದ ಎಣ್ಣೆಯನ್ನು ಹಾಕಿ ಚೆನ್ನಾಗಿ ತಿಕ್ಕಬೇಕು. ಈರುಳ್ಳಿ ಧಾರಾಳವಾಗಿರಬೇಕು; ನೀರು ಜಿಪುಣತನದಿಂದ. ಉರಿ ಹೆಚ್ಚಾದರೆ ಮೇಲೆ ಕೆಂಪು, ಒಳಗೆ ಹಸಿ. ಈಕೆ ಮನೆಯಲ್ಲಿ ಎಷ್ಟೋ ಬಾರಿ ಮಾಡಿದ್ದಾಳೆ. ಚೆನ್ನಾಗಿಯೇ ಬರುತ್ತದೆ. ಆದರೆ ಮಕ್ಕಳು, “ಇದು ಬೆಂಗಳೂರು ವಡೆ” ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಧನುರ್ಮಾಸದ ಚಳಿಯಲ್ಲಿ ಅಜ್ಜಿಯ ಮನೆಯ ಜಗಲಿಯ ತುಂಬ ಅವರೆಕಾಯಿ. ಇಬ್ಬನಿಯಲ್ಲಿ ನೆನೆದ ಕಾಯಿಗೇ ಸೊಗಡು ಎಂದು ಅಜ್ಜಿಯ ಸಿದ್ಧಾಂತ; ಕೈಗೆ ಅಂಟಿದ ವಾಸನೆ ಮಾರನೆಯ ದಿನವೂ ಹೋಗದಿದ್ದರೆ ಅದು ಉತ್ತಮ ಕಾಯಿ. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ಒಂದೊಂದನ್ನೂ ಎರಡು ಬೆರಳ ನಡುವೆ ಹಿತುಕಿದರೆ ಬೇಳೆ ಸಿಪ್ಪೆಯಿಂದ ಚಿಮ್ಮುತ್ತದೆ. ಎಲ್ಲಿಗೆ ಚಿಮ್ಮಿತು ಎಂಬುದು ಮಕ್ಕಳಿಗೆ ಬಿಟ್ಟ ವಿಷಯ. ಹತ್ತು ವರ್ಷದ ಮಗಳೂ ಆರು ವರ್ಷದ ಮಗನೂ ಪರಸ್ಪರ ಮುಖಕ್ಕೆ ಗುರಿಯಿಟ್ಟು ಅರ್ಧ ಸೇರು ಬೇಳೆಯನ್ನು ಹಜಾರದ ಮೂಲೆಗಳಿಗೆ ಸೇರಿಸಿದ ಮೇಲೂ, ಉಳಿದದ್ದರಲ್ಲಿ ಬೇಯಿಸಿದ ಸಾರು, ಬಿಸಿ ರಾಗಿಮುದ್ದೆ, ಮೇಲೊಂದು ಮಿಳ್ಳೆ ತುಪ್ಪ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಮಗ ಇನ್ನೂ ಒಪ್ಪಿಲ್ಲ.

ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು ಸಿಂಗರಿಸಿ ಕಿಚ್ಚು ಹಾಯಿಸುವುದನ್ನು ನೋಡಿಯಾದ ಮೇಲೆ, ಮರುದಿನ ಆಲೆಮನೆ. ಮಂಡ್ಯದ ಸಿಹಿಗೆ ಚರಿತ್ರೆಯುಂಟು. ರಾಗಿ ಹುರುಳಿಗಳ ಒಣನೆಲವಾಗಿದ್ದ ಈ ಸೀಮೆಗೆ ಕನ್ನಂಬಾಡಿಯ ಕಟ್ಟೆಯಿಂದ ನಾಲೆಯ ನೀರು ಹರಿದುಬಂದದ್ದು 1930ರ ದಶಕದ ಆರಂಭದಲ್ಲಿ. ಅಂದು ಇರ್ವಿನ್ ನಾಲೆ ಎನಿಸಿದ್ದು ಇಂದು ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷ ಸ್ತಬ್ಧವಾಗಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಕಾರ್ಖಾನೆಯ ಮಾತು ಹಾಗಿರಲಿ, ಮಕ್ಕಳಿಗೆ ಬೇಕಾದದ್ದು ಆಲೆಮನೆಯ ಹೊಗೆ. ಗಾಣದಿಂದ ಇಳಿದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತದೆ; ಹಿಂಡಿದ ಸಿಪ್ಪೆಯೇ ಒಣಗಿ ಒಲೆಗೆ ಸೌದೆ. ಸುಣ್ಣದ ತಿಳಿ ಬಿಟ್ಟು, ಮೇಲೆದ್ದ ಕಪ್ಪುನೊರೆಯನ್ನು ತೆಗೆದು, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುತ್ತಾರೆ. ಹತ್ತು ಟನ್ನು ಕಬ್ಬು ಅರೆದರೆ ಸುಮಾರು ಒಂದು ಟನ್ನು ಬೆಲ್ಲ. ತಾತ ಬಾಳೆ ಎಲೆಯ ಚೂರಿನಲ್ಲಿ ಬಿಸಿಪಾಕ ಹಿಡಿದು, “ಊದ್ಕಂಡು ತಿನ್ನು ಮಗ, ಬಾಯಿ ಸುಟ್ಕಂಡೀಯೆ” ಎನ್ನುತ್ತಾರೆ. ಎಲ್ಲ ಮಕ್ಕಳಂತೆ ಇವರೂ ಮೊದಲು ಸುಟ್ಟುಕೊಂಡು ಆಮೇಲೆ ಊದುತ್ತಾರೆ.

ಪೇಟೆಯಲ್ಲಿ ಬೆಲ್ಲ ಕೊಳ್ಳುವ ಗೃಹಿಣಿಯರು ಇಲ್ಲಿ ಒಂದು ಮಾತು ಗಮನಿಸಬಹುದು. ಹೊಂಬಣ್ಣಕ್ಕೆ ಮರುಳಾಗುವವರಿಗಾಗಿಯೇ ಕೆಲವೆಡೆ ರಾಸಾಯನಿಕ ಹಾಕಿ ಬೆಲ್ಲವನ್ನು ಬೆಳ್ಳಗೆ ಮಾಡುವುದುಂಟು, ಅಗ್ಗದ ಸಕ್ಕರೆ ಬೆರೆಸುವುದೂ ಉಂಟು. ಕಂದುಬಣ್ಣದ ಬೆಲ್ಲ ಚೆಲುವಾಗಿ ಕಾಣದಿದ್ದರೂ ಹೋಳಿಗೆಯಲ್ಲಿ ತನ್ನ ಗುಣ ತೋರಿಸುತ್ತದೆ.

ಆದರೆ 2024ರ ಸಂಕ್ರಾಂತಿಗೆ ಹೋದಾಗ ಆಲೆಮನೆಯ ಒಲೆಯಲ್ಲಿ ಬೂದಿಯೂ ಇರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಕಟ್ಟೆ ತುಂಬಿರಲಿಲ್ಲ, ನಾಲೆಯ ನೀರನ್ನು ನೆಚ್ಚಿ ಕಬ್ಬು ನಾಟುವ ಧೈರ್ಯ ತಾತನಿಗೆ ಆಗಿರಲಿಲ್ಲ. “ನೀರು ಬಂದ್ರೂ ಕಡಿಯೋರು ಎಲ್ಲವ್ರೆ? ಇನ್ನು ನನ್ ಕೈಲಾಗಕಿಲ್ಲ ಕಣವ್ವ” ಎಂದು ಮಗಳೊಡನೆ ಮೆಲ್ಲನೆ ಹೇಳಿದರು. ಮಗ ಮುಚ್ಚಿದ ಬಾಗಿಲ ಸಂದಿಯಲ್ಲಿ ಇಣಿಕಿ ನೋಡಿ, “ಆಲೆಮನೆಯವರು ಎಲ್ಲಿಗೆ ಹೋದರು?” ಎಂದ. ಆ ಸಲ ಬೆಲ್ಲವನ್ನು ಮಂಡ್ಯದ ಅಂಗಡಿಯಿಂದ ತಂದರು. ಹಿಂದಿರುಗುವಾಗ ರೈಲಿನಲ್ಲಿ ಆಕೆ ವಡೆಯನ್ನೂ ಕೇಳಲಿಲ್ಲ.

ಫಾಲ್ಗುಣದ ಪ್ರವಾಸ ನಿಲ್ಲಿಸೋಣವೆ ಎಂದು ಒಂದು ಮನಸ್ಸಾಯಿತು. ಮಗಳು ಬಿಡಲಿಲ್ಲ, ಶಾಲೆಯಲ್ಲಿ ಕೊಕ್ಕರೆಯ ಚಿತ್ರ ಬರೆಯಬೇಕಾಗಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಪುಷ್ಯದ ವೇಳೆಗೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬಂದು, ಮನೆಗಳ ನಡುವಣ ಹುಣಿಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಮಳೆಗಾಲದ ಮೊದಲಿಗೆ ಮರಿಗಳೊಡನೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರ ಭಾವನೆ. ಹಕ್ಕಿಗಳಿರುವಷ್ಟು ಕಾಲ ಮರದ ಹುಣಿಸೆಯನ್ನು ಬಡಿಯುವಂತಿಲ್ಲ. ಆ ನಷ್ಟವನ್ನು ಮನೆಯವರು ಹೊತ್ತುಕೊಂಡು ಬಂದಿದ್ದಾರೆ, ಅರಣ್ಯ ಇಲಾಖೆ ಪರಿಹಾರವೆಂದು ಸ್ವಲ್ಪ ಕೊಡುವುದುಂಟು. ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕುತ್ತಾರೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಗದ್ದಲ, ವಾಸನೆ ಎರಡೂ ಬಹಳ. ಮೂಗು ಮುಚ್ಚಿಕೊಂಡು ತಲೆ ಎತ್ತಿ ನೋಡುವ ಭಂಗಿಯನ್ನು ಮಕ್ಕಳು ಬೇಗ ಕಲಿತರು.

“ಮರ ಕಡಿದರೆ ಇವು ಎಲ್ಲಿಗೆ ಬರುತ್ತವೆ ಅಮ್ಮ?” ಎಂದಳು ಮಗಳು. ಎರಡು ಬಾಣಂತನಗಳನ್ನೂ ತವರಿನಲ್ಲಿಯೇ ಮಾಡಿಸಿಕೊಂಡಿದ್ದ ತಾಯಿ ಎಳನೀರಿನ ಆಸೆ ತೋರಿಸಿ ಮಾತು ಮರೆಸಿದಳು. ಮದ್ದೂರಿನಲ್ಲಿ ಅದಕ್ಕೇನು ಕೊರತೆ? ಅಲ್ಲಿನ ಮಾರುಕಟ್ಟೆಯಿಂದ ಎಳನೀರು ಲಾರಿ ಲಾರಿಯಾಗಿ ಮುಂಬಯಿ ದೆಹಲಿಗಳವರೆಗೆ ಹೋಗುತ್ತದೆ.

ಆ ವರ್ಷದ ಜುಲೈನಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತು. ಶ್ರಾವಣದ ಒಂದು ಭಾನುವಾರ, ತಾತನನ್ನೂ ಕರೆದುಕೊಂಡು, ಎಲ್ಲರೂ ಮಳವಳ್ಳಿಯ ಮಾರ್ಗವಾಗಿ ಗಗನಚುಕ್ಕಿಗೆ ಹೋದರು. ಬೇಸಗೆಯಲ್ಲಿ ಬರಿಯ ಬಂಡೆಯಾಗಿ ಕಾಣುವ ಸ್ಥಳದಲ್ಲಿ ಕಾವೇರಿ ಬೆಳ್ಳಗೆ ಹೊಗೆಯಾಡುತ್ತಿದ್ದಳು. ಇಲ್ಲಿನ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಹೋಯಿತೆಂದು ತಂದೆ ವಿವರಿಸುತ್ತಿದ್ದರು. ಭೋರ್ಗರೆತದಲ್ಲಿ ಯಾರಿಗೂ ಕೇಳಿಸಲಿಲ್ಲ. ಕಟಕಟೆಯ ಈಚೆಗೇ ನಿಲ್ಲಬೇಕೆಂದು ತಾಯಿ ಮಕ್ಕಳ ರಟ್ಟೆ ಹಿಡಿದಿದ್ದಳು. ತಾತ ಮಾತ್ರ ಬಹಳ ಹೊತ್ತು ನೀರನ್ನೇ ನೋಡಿ,

“ಅರ್ಧ ಎಕರೆ ಹಾಕ್ತೀನಿ” ಎಂದರು.

“ಕಡಿಯೋರು ಯಾರಪ್ಪ?”

“ಇವನು ಕಡೀತಾನೆ” ಎಂದು ಮೊಮ್ಮಗನ ತಲೆ ಮುಟ್ಟಿದರು. ಆತ ಒಡನೆಯೇ ಒಪ್ಪಿಕೊಂಡ. ಕೂಲಿಯ ಬಾಬ್ತು ಬಿಸಿಪಾಕ ಎಷ್ಟು ಎಂದು ಮಾತ್ರ ಕೇಳಿದ.

ಶ್ರಾವಣದಲ್ಲಿ ನಾಟಿದ ಕಬ್ಬು ಸಂಕ್ರಾಂತಿಗೆ ಕಡಿಯಲು ಬರುವುದಿಲ್ಲ, ಸುಮಾರು ಹನ್ನೆರಡು ತಿಂಗಳು ಬೇಕು. ಬೆಂಗಳೂರಿಗೆ ಹಿಂದಿರುಗಿದ ರಾತ್ರಿ ಆಕೆ ಪೆನ್ಸಿಲು ಹುಡುಕಿ, ಪಂಚಾಂಗದಲ್ಲಿ ಪುಷ್ಯದ ಪಕ್ಕದ ‘ಆಲೆಮನೆ’ಯನ್ನು ಅಳಿಸಿದಳು. ಮುಂದಿನ ಶ್ರಾವಣದ ಹಾಳೆ ಅದರಲ್ಲಿ ಇರಲಿಲ್ಲ. ಗೋಡೆಯ ಮೇಲೆಯೇ ಬರೆದಿಟ್ಟಳು.