ಲಿಸ್ಟಿನ ಕೊನೇ ಸಾಲು

ದೊಡ್ಡಬಳ್ಳಾಪುರದಿಂದ ಚಿಕ್ಕಪ್ಪನ ಮಗ ಹೋದ ತಿಂಗಳು ವಾಟ್ಸ್ಆ್ಯಪಿನಲ್ಲಿ ಒಂದು ಲಿಸ್ಟ್ ಕಳಿಸಿದ. ಪ್ರೊಸೆಸರ್ ರೈಜನ್ 5 7600. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060. ಮಿನಿ ಐಟಿಎಕ್ಸ್ ಮದರ್‌ಬೋರ್ಡ್, 32 ಜಿಬಿ ರ‍್ಯಾಮ್, ಒಂದು ಟಿಬಿ ಎಸ್‌ಎಸ್‌ಡಿ, ಬಗಲಲ್ಲಿ ಇಟ್ಕೊಂಡು ಹೋಗುವಷ್ಟು ಪುಟ್ಟ ಕ್ಯಾಬಿನೆಟ್. ಒಂದೊಂದಕ್ಕೂ ಮಾಡೆಲ್ ನಂಬರು, ಎರಡೆರಡು ಅಂಗಡಿಯ ರೇಟು, ಯಾವುದು ಎಷ್ಟು ಎಫ್‌ಪಿಎಸ್ ಕೊಡುತ್ತೆ ಅನ್ನೋ ಲೆಕ್ಕ. ಕೊನೇ ಸಾಲು ಮಾತ್ರ ಹೀಗಿತ್ತು: ‘ಎಸ್‌ಎಂಪಿಎಸ್ – ಯಾವುದಾದ್ರೂ 600 ವ್ಯಾಟ್.’

ಅವನು ಏರ್‌ಪೋರ್ಟ್ ಕಾರ್ಗೋದಲ್ಲಿ ಪಾಳಿ ಕೆಲಸ ಮಾಡ್ತಾನೆ. ವಾರದಲ್ಲಿ ನಾಲ್ಕು ದಿನ ದೇವನಹಳ್ಳಿಯ ಪಿಜಿ, ಮೂರು ದಿನ ಮನೆ. ಕಂಪ್ಯೂಟರನ್ನ ಸ್ಕೂಟರಿನಲ್ಲಿ ಕಾಲ ಹತ್ರ ಇಟ್ಕೊಂಡು ಆ ಕಡೆ ಈ ಕಡೆ ಒಯ್ಯಬೇಕು. ‘ಲ್ಯಾಪ್‌ಟಾಪ್ ತಗೊಳ್ಳೋ’ ಅಂದೆ. ‘ಎರಡು ವರ್ಷ ಆದ್ಮೇಲೆ ಗ್ರಾಫಿಕ್ಸ್ ಕಾರ್ಡ್ ಮಾತ್ರ ಬದಲಾಯಿಸೋಕೆ ಆಗುತ್ತಾ ಅಣ್ಣ ಅದ್ರಲ್ಲಿ?’ ಅಂದ. ಸರಿ, ಆ ಮಾತು ಅಲ್ಲಿಗೆ ಬಿಟ್ಟೆ. ಒಂದೂವರೆ ವರ್ಷ ಕೂಡಿಟ್ಟ ದುಡ್ಡು ಅವನದು. ಆ ಕೊನೇ ಸಾಲನ್ನ ಮಾತ್ರ ಬಿಡೋಕೆ ಆಗಲಿಲ್ಲ, ಯಾಕಂದ್ರೆ ಅದೇ ಸಾಲನ್ನ ನಾನೂ ಒಂದು ಕಾಲದಲ್ಲಿ ಬರೆದಿದ್ದೆ.

ಇಂಜಿನಿಯರಿಂಗ್ ಓದುವಾಗ ನಾನು ಮೊದಲ ಸಲ ಪಿಸಿ ಅಸೆಂಬಲ್ ಮಾಡಿದ್ದು. ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಬಂತು. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿತ್ತು. ಒಂದು ವರ್ಷ ಚೆನ್ನಾಗೇ ಇತ್ತು. ಒಂದು ಸಾಯಂಕಾಲ ಗೇಮ್ ಮಧ್ಯೆ ಟಪ್ ಅಂತು, ಸುಟ್ಟ ವಾಸನೆ ಬಂತು, ಮದರ್‌ಬೋರ್ಡನ್ನೂ ಜೊತೆಗೆ ಕರ್ಕೊಂಡು ಹೋಯ್ತು. ಆಮೇಲೆ ಬಿಚ್ಚಿ ಪಕ್ಕದ ಸ್ಟಿಕ್ಕರ್ ಓದಿದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡೋದು 12 ವೋಲ್ಟಿನ ಲೈನಿನಲ್ಲಿ. ಅಲ್ಲಿ ಬರೆದಿದ್ದು 16 ಆಂಪಿಯರ್. 12ನ್ನ 16ರಿಂದ ಗುಣಿಸಿ: 192 ವ್ಯಾಟ್. ಉಳಿದದ್ದೆಲ್ಲ ಈ ಕಾಲದ ಕಂಪ್ಯೂಟರಿಗೆ ಅಷ್ಟಾಗಿ ಬೇಡದ 5 ಮತ್ತು 3.3 ವೋಲ್ಟಿನ ಲೈನುಗಳಿಗೆ ಹಂಚಿ, ಒಟ್ಟು ದೊಡ್ಡದಾಗಿ ಕಾಣೋ ಹಾಗೆ ಮಾಡಿದ್ದು. ಒಳ್ಳೆಯ 650 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 54 ಆಂಪಿಯರ್ ಅಂತ ಇರುತ್ತೆ, ಅಂದ್ರೆ 648 ವ್ಯಾಟ್. ಅಂಗಡಿಯಲ್ಲಿ ನಿಂತು ಮೊಬೈಲಿನ ಕ್ಯಾಲ್ಕುಲೇಟರಲ್ಲಿ ಮಾಡಬಹುದಾದ ಲೆಕ್ಕ ಇದು. ನಾನು ಮಾಡಿರಲಿಲ್ಲ.

ಬೇರೆ ಬೋರ್ಡ್, ಬೇರೆ ಎಸ್‌ಎಂಪಿಎಸ್ ಹಾಕಿಸಿ ಆಮೇಲೆ ಅದೇ ಪಿಸಿಯನ್ನ ತಮ್ಮನಿಗೆ ಕೊಟ್ಟೆ. ಈ ವಿಷಯ ಮತ್ತೆ ಬರುತ್ತೆ.

ಭಾನುವಾರ ಊರಿಗೆ ಹೋದೆ. ಚಿಕ್ಕಪ್ಪನ ಮನೆ ಅಂದ್ರೆ ಅರ್ಧ ಮನೆ, ಅರ್ಧ ಮಗ್ಗ. ನಾಲ್ಕು ಪವರ್‌ಲೂಮ್ ಓಡ್ತಾ ಇದ್ರೆ ಪಕ್ಕದ ರೂಮಿನಲ್ಲಿ ಮಾತಾಡೋಕೂ ಕೂಗಬೇಕು. ಗೋಡೆಗೆ ಒರಗಿ ಕೂತಿದ್ದ ಚಿಕ್ಕಪ್ಪ ಲಿಸ್ಟು ಕೇಳಿಸ್ಕೊಂಡು ಮೊದಲು ಕೇಳಿದ್ದು ಗೇಮಿನ ಬಗ್ಗೆ ಅಲ್ಲ. ‘ಆರ್ನೂರು ವ್ಯಾಟ್ ಅಂದ್ರೆ ಹೆಚ್ಚೂ ಕಮ್ಮಿ ಒಂದ್ ಮಗ್ಗದ ಮೋಟ್ರು ಕಣೋ. ಬಿಲ್ಲು ಯಾರು ಕಟ್ಟೋದು?’

ಒಂದು ಎಚ್‌ಪಿ ಅಂದ್ರೆ 746 ವ್ಯಾಟ್, ಹಾಗಾಗಿ ಹೋಲಿಕೆ ಸರಿಯಾಗೇ ಇತ್ತು. ಆದರೆ ಎಸ್‌ಎಂಪಿಎಸ್ ಮೇಲೆ ಬರೆದಿರೋದು ಕೊಡಬಲ್ಲ ಗರಿಷ್ಠ, ಎಳೆಯೋದು ಎಷ್ಟು ಬೇಕೋ ಅಷ್ಟೇ. ರೈಜನ್ 5 7600 ಪೂರ್ತಿ ದುಡಿದರೂ 88 ವ್ಯಾಟ್. 4060 ಕಾರ್ಡು 115 ವ್ಯಾಟ್. ಬೋರ್ಡು, ರ‍್ಯಾಮು, ಫ್ಯಾನು ಎಲ್ಲ ಸೇರಿ ಇನ್ನೊಂದು ಐವತ್ತು ಇಟ್ಕೊಳ್ಳಿ. ಇನ್ನೂರೈವತ್ತರ ಆಸುಪಾಸು, ಗೋಡೆಯಲ್ಲಿ ಅಳೆದರೆ ಇನ್ನೂರೆಂಬತ್ತು. ಮಾನಿಟರ್ ಸೇರಿಸಿ ಮುನ್ನೂರು ಚಿಲ್ಲರೆ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಒಂದೂಕಾಲು ಯೂನಿಟ್ಟು, ಮನೇಲಿರೋ ದಿನಗಳನ್ನ ಮಾತ್ರ ಲೆಕ್ಕ ಹಾಕಿದರೆ ತಿಂಗಳಿಗೆ ಹದಿನಾರು ಹದಿನೇಳು. ಗೃಹಜ್ಯೋತಿಯಲ್ಲಿರೋ ಮನೆಗಳಿಗೆ ಇದೂ ಲೆಕ್ಕವೇ. ಹಳೆಯ ಸರಾಸರಿಯ ಮೇಲೆ ಸಿಗೋ ರಿಯಾಯಿತಿ ಸಣ್ಣದು, ಅದನ್ನ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲು. ಮಗ್ಗದ ಮೀಟರ್ ಬೇರೆ, ಮನೆ ಮೀಟರ್ ಬೇರೆ ಇರೋದರಿಂದ ಚಿಕ್ಕಪ್ಪ ಸುಮ್ಮನಾದರು.

‘ಹಂಗಾದ್ರೆ ಮುನ್ನೂರು ವ್ಯಾಟಿಂದೇ ಸಾಕಲ್ಲ ಅಣ್ಣ?’ ಅಂದ ತಮ್ಮ. ಇದಕ್ಕೆ ಉತ್ತರ ಕೊಟ್ಟಿದ್ದು ನಾನಲ್ಲ, ಚಿಕ್ಕಪ್ಪ. ನಾಲ್ಕೂ ಮಗ್ಗಾನ ಅವರು ಯಾವತ್ತೂ ಒಂದೇ ಸಲ ಸ್ಟಾರ್ಟ್ ಮಾಡಲ್ಲ. ‘ಮೋಟ್ರು ಏಳೋವಾಗ ಐದಾರು ಪಟ್ಟು ಎಳೀತೈತೆ. ಓಡೋಕೆ ಶುರುವಾದ್ಮೇಲೆ ಸುಮ್ಕಾಗ್ತೈತೆ. ನಾಲ್ಕೂ ಒಟ್ಟಿಗೆ ಹಾಕಿದ್ರೆ ಎಂಸಿಬಿ ಬೀಳ್ತೈತೆ.’ ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಹೆಚ್ಚೂ ಕಮ್ಮಿ ಇದೇ. ಸರಾಸರಿ ಕಮ್ಮಿ ಇದ್ದರೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಜೋರಾಗಿ ಎಳೆದುಬಿಡುತ್ತೆ. 2020ರ ಸುಮಾರಿಗೆ ಬಂದ ದೊಡ್ಡ ಕಾರ್ಡುಗಳಲ್ಲಿ ಈ ತೊಂದರೆ ಜಾಸ್ತಿಯಾಗಿ, ಗಟ್ಟಿ ಎಸ್‌ಎಂಪಿಎಸ್‌ಗಳೂ ತಮ್ಮನ್ನು ಕಾಪಾಡಿಕೊಳ್ಳೋಕೆ ಆಫ್ ಆಗ್ತಿದ್ದವು. 2022ರಲ್ಲಿ ಇಂಟೆಲ್ ಎಟಿಎಕ್ಸ್ 3.0 ಅನ್ನೋ ಹೊಸ ನಿಯಮ ತಂತು: ದೊಡ್ಡ ಎಸ್‌ಎಂಪಿಎಸ್‌ಗಳು ಬರೆದದ್ದರ ಎರಡು ಪಟ್ಟನ್ನ 100 ಮೈಕ್ರೊಸೆಕೆಂಡ್ ಕಾಲ ತಡ್ಕೋಬೇಕು. 4060 ಸಣ್ಣ ಕಾರ್ಡು, ಅದಕ್ಕೆ ತಯಾರಕರು ಹೇಳೋದೇ 550 ವ್ಯಾಟ್. ನಾಳೆ 200 ವ್ಯಾಟಿನ ಕಾರ್ಡು ಹಾಕೋ ಆಸೆ ಇರೋದರಿಂದ 650 ಅಂತ ಬರೆದುಕೊಂಡೆ.

ಇನ್ನು ಅಳತೆ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಎತ್ತರ, ಸಾಮಾನ್ಯವಾಗಿ 140 ಉದ್ದ. ಗುಣಿಸಿದರೆ 1.8 ಲೀಟರು. ಎಸ್‌ಎಫ್‌ಎಕ್ಸ್ ಅನ್ನೋ ಚಿಕ್ಕ ಸೈಜು 125, 63.5, 100. ಒಂದು ಲೀಟರೂ ಇಲ್ಲ. ನಂದಿನಿ ಅರ್ಧ ಲೀಟರಿನ ಎರಡು ಪ್ಯಾಕೆಟ್ ಜೋಡಿಸಿದರೆ ಅದಕ್ಕಿಂತ ದೊಡ್ಡದಾಗುತ್ತೆ. ಇಡೀ ಕ್ಯಾಬಿನೆಟ್ಟೇ ಹತ್ತು ಹನ್ನೆರಡು ಲೀಟರ್ ಇರುವಾಗ ಉಳಿಯೋ ಆ ಒಂದು ಲೀಟರ್ ಅಂದ್ರೆ ಗಾಳಿ ಓಡಾಡೋ ದಾರಿ. ಬೆಲೆ ಮಾತ್ರ ಉಲ್ಟಾ. ಎಸ್.ಪಿ. ರೋಡಿನಲ್ಲಿ ವಿಚಾರಿಸಿದಾಗ ಅದೇ 650 ವ್ಯಾಟಿಗೆ ಎಸ್‌ಎಫ್‌ಎಕ್ಸ್ ಹತ್ತಿರ ಹತ್ತಿರ ದುಪ್ಪಟ್ಟು ಅಂದರು. ಮಿನಿ ಐಟಿಎಕ್ಸ್ ಬೋರ್ಡೂ ಅಷ್ಟೇ: 170 ಮಿ.ಮೀ. ಚೌಕ, ಎರಡೇ ರ‍್ಯಾಮ್ ಸ್ಲಾಟು, ಒಂದೇ ಕಾರ್ಡ್ ಸ್ಲಾಟು, ರೇಟು ಮಾತ್ರ ದೊಡ್ಡ ಬೋರ್ಡಿಗಿಂತ ಜಾಸ್ತಿ. ಚಿಕ್ಕದು ಅಂದ್ರೆ ಅಗ್ಗ ಅಂತ ಲೆಕ್ಕ ಹಾಕಿದವರು ಇಲ್ಲಿ ಮೋಸ ಹೋಗ್ತಾರೆ. ಮನೆಯಿಂದ ಕದಲದೇ ಇರೋ ಪಿಸಿ ಆಗಿದ್ದರೆ ನಾನು ಮೈಕ್ರೊ ಎಟಿಎಕ್ಸ್ ಬೋರ್ಡು, ಮಾಮೂಲಿ ಎಸ್‌ಎಂಪಿಎಸ್ ಅಂತಲೇ ಹೇಳ್ತಿದ್ದೆ. ಇವನಿಗೆ ಸ್ಕೂಟರ್ ಇದೆ.

ಬಾಕ್ಸಿನ ಮೇಲಿನ ಬ್ರಾಂಜ್, ಗೋಲ್ಡ್ ಬಗ್ಗೆಯೂ ಕೇಳಿದ. ಇಷ್ಟು ಲೋಡಿಗೆ ಎರಡರ ನಡುವೆ ಹದಿನೈದು ಇಪ್ಪತ್ತು ವ್ಯಾಟ್ ವ್ಯತ್ಯಾಸ. ದಿನಾ ನಾಲ್ಕು ಗಂಟೆ ಆಡಿದರೂ ತಿಂಗಳಿಗೆ ಎರಡು ಯೂನಿಟ್ಟು ಉಳಿದರೆ ಹೆಚ್ಚು. ಬಿಲ್ಲಿಗಾಗಿ ಗೋಲ್ಡ್ ತಗೊಳ್ಳೋದು ಚಿನ್ನದ ಆಸೆ ಅಷ್ಟೇ. ಆದರೆ ಆ ಇಪ್ಪತ್ತು ವ್ಯಾಟ್ ಬಿಸಿಯಾಗಿ ಪುಟ್ಟ ಡಬ್ಬಿಯೊಳಗೇ ಉಳಿಯುತ್ತಲ್ಲ, ಎಸ್‌ಎಫ್‌ಎಕ್ಸ್‌ನ ಫ್ಯಾನೂ ಸಾಮಾನ್ಯವಾಗಿ 92 ಮಿ.ಮೀ.ನದು, ಬಿಸಿ ಜಾಸ್ತಿಯಾದರೆ ಕೀಚಲು ಧ್ವನಿಯಲ್ಲಿ ಕೂಗುತ್ತೆ. ಮಗ್ಗದ ಪಕ್ಕದಲ್ಲಿ ಯಾರಿಗೂ ಕೇಳಿಸಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿರೋ ರೂಮ್‌ಮೇಟಿಗೆ ಕೇಳಿಸುತ್ತೆ. ಜೊತೆಗೆ ಮಗ್ಗದ ಮನೆಯ ನೂಲಿನ ಧೂಳು. ಫಿಲ್ಟರ್ ಇಲ್ಲದ ಕ್ಯಾಬಿನೆಟ್ಟನ್ನ ಅಲ್ಲೇ ಲಿಸ್ಟಿನಿಂದ ಹೊಡೆದು ಹಾಕಿದೆ.

ಇನ್ನೊಂದು ಮಾತು, ಮರೆಯೋಕೆ ಮುಂಚೆ. ಹಳೇ ಎಸ್‌ಎಂಪಿಎಸ್‌ನ ಬಿಚ್ಚಿ ಹಾಕೋ ಕೇಬಲ್ಲುಗಳನ್ನ ಹೊಸದಕ್ಕೆ ಚುಚ್ಚಬೇಡಿ. ಸರಿಯಾಗಿ ಕೂತ್ಕೊಳ್ಳುತ್ತೆ, ಆದರೆ ಎಸ್‌ಎಂಪಿಎಸ್ ಕಡೆಯ ತುದಿಯ ವೈರಿಂಗ್ ಕಂಪನಿಗೊಂದು, ಕೆಲವು ಸಲ ಒಂದೇ ಕಂಪನಿಯಲ್ಲೇ ಮಾಡೆಲ್ಲಿಗೊಂದು. ಎಸ್‌ಎಸ್‌ಡಿಗೆ 5 ವೋಲ್ಟ್ ಹೋಗೋ ಕಡೆ 12 ಹೋದರೆ ಫೋಟೋ, ರೆಸ್ಯೂಮೆ ಎಲ್ಲ ಅಲ್ಲಿಗೆ ಮುಗೀತು.

ನಾನು ಬ್ಯಾಗಿನಲ್ಲಿ ಮಲ್ಟಿಮೀಟರ್ ತಂದಿದ್ದೆ. ಸಾಯಂಕಾಲ ಬೀದಿಯ ಮಗ್ಗಗಳೆಲ್ಲ ಓಡುವಾಗ ರೂಮಿನ ಪ್ಲಗ್ಗಿನಲ್ಲಿ 198 ವೋಲ್ಟ್ ಬಂತು. ತಮ್ಮ ಗಾಬರಿಯಾಗಿ ಸ್ಟೆಬಿಲೈಸರ್ ಅಂತ ಬರ್ಕೊಂಡ. ಬೇಡ ಅಂದೆ. ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟಿನ ತನಕ ಯಾವುದಾದರೂ ಸರಿ ಅನ್ನುತ್ವೆ. ಅವು ಹೆದರೋದು ಕರೆಂಟು ಹೋಗಿ ಬರುವಾಗಿನ ಏಟಿಗೆ. ಕರೆಂಟು ಕಣ್ಣು ಮಿಟುಕಿಸಿದಾಗ ಒಳಗಿನ ಕೆಪಾಸಿಟರು ಸುಮಾರು 16–17 ಮಿಲಿಸೆಕೆಂಡು ಹಿಡ್ಕೊಳ್ಳುತ್ತೆ, ಲೋಡು ಅರ್ಧವೇ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಕಂಪ್ಯೂಟರ್ ಯುಪಿಎಸ್ ಅಷ್ಟರೊಳಗೆ ಬದಲಾಗುತ್ತೆ. ಮನೆಯ ಇನ್ವರ್ಟರು ನಾರ್ಮಲ್ ಮೋಡಿನಲ್ಲಿದ್ದರೆ ಆಗದೇ ಹೋಗಬಹುದು, ಹಿಂದಿನ ಸ್ವಿಚ್ಚನ್ನ ಯುಪಿಎಸ್ ಮೋಡಿಗೆ ಹಾಕಬೇಕು. 600 ವಿಎ ಯುಪಿಎಸ್ ಅಂದ್ರೆ ಹೆಚ್ಚಾಗಿ 360 ವ್ಯಾಟು, ಇವನ ಪಿಸಿಗೆ ಅಂಚಿನ ಲೆಕ್ಕ. 1000 ವಿಎ ಅಂತ ತಿದ್ದಿದೆ.

ಆಮೇಲೆ ಮೀಟರಿನ ಒಂದು ಕಡ್ಡಿಯನ್ನ ನ್ಯೂಟ್ರಲ್‌ಗೆ, ಇನ್ನೊಂದನ್ನ ಮೇಲಿನ ದಪ್ಪ ತೂತಿಗೆ, ಅಂದ್ರೆ ಅರ್ತ್‌ಗೆ ಇಟ್ಟೆ. ಎರಡು ಮೂರು ವೋಲ್ಟ್ ಇರಬೇಕಾದ ಜಾಗದಲ್ಲಿ 90 ತೋರಿಸ್ತು.

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಆಗ ಅಂದರು: ‘ಅದಕ್ಕೇನಾ ಆ ಕಂಪ್ಯೂಟ್ರು ಮುಟ್ಟಿದ್ರೆ ಜುಂ ಅನ್ನೋದು? ನೆಲ ಒರಸೋವಾಗ ನಾನು ಒಣಬಟ್ಟೇಲೇ ಪಕ್ಕಕ್ಕೆ ತಳ್ಳೋದು ಕಣಪ್ಪ.’

‘ಎಷ್ಟು ದಿನದಿಂದ?’

‘ನೀನು ಕೊಟ್ಟಾಗಿಂದ. ಕಂಪ್ಯೂಟ್ರು ಅಂದ್ರೆ ಹಂಗೇ ಇರ್ತೈತೆ ಅಂದ್ಕೊಂಡಿದ್ದೆ.’

ನಾಲ್ಕು ವರ್ಷ. ಒದ್ದೆ ನೆಲ, ಬರಿಗಾಲು. ನನಗೆ ಬಾಯಿ ಕಟ್ಟಿಹೋಯ್ತು.

ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರ್ ಇರುತ್ವೆ, ಒಂದು ಫೇಸಿನಿಂದ ಕ್ಯಾಬಿನೆಟ್ಟಿನ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ತಗಡಿಗೆ. ಒಳಗಿನ ಗದ್ದಲವನ್ನ ಭೂಮಿಗೆ ಬಿಡೋದು ಅವುಗಳ ಕೆಲಸ. ಭೂಮಿಗೆ ದಾರಿಯೇ ಇಲ್ಲದಿದ್ದರೆ ತಗಡು ಎರಡರ ಮಧ್ಯದಲ್ಲಿ, ನೂರು ಚಿಲ್ಲರೆ ವೋಲ್ಟಿನಲ್ಲಿ ನಿಂತುಬಿಡುತ್ತೆ. ಹರಿಯೋ ಕರೆಂಟು ತೀರಾ ಕಮ್ಮಿ, ಅದಕ್ಕೇ ಜುಂ ಅನ್ನೋದು ಅಷ್ಟೇ. ಎಷ್ಟೇ ದುಬಾರಿ ಎಸ್‌ಎಂಪಿಎಸ್ ಹಾಕಿದ್ದರೂ ಆ ಪ್ಲಗ್ಗಿನಲ್ಲಿ ಜುಂ ಅಂತಲೇ ಇತ್ತು. ಅಪಾಯ ಇರೋದು ಒಳಗೆ ಯಾವುದೋ ವೈರು ಕಿತ್ತು ತಗಡಿಗೆ ತಾಗಿದ ದಿನ. ಅವತ್ತು ಭೂಮಿಗೆ ಇರೋ ದಾರಿ ಮುಟ್ಟಿದವರ ಮೈ ಒಂದೇ.

ಮಾರನೇ ದಿನ ರಜೆ ಹಾಕಿ ಎಲೆಕ್ಟ್ರಿಷಿಯನ್ ಕರೆಸಿದೆವು. ಮಗ್ಗದ ಮೀಟರಿಗೆ ಅರ್ತಿಂಗ್ ಸರಿಯಾಗಿತ್ತು. ಮನೆ ಕಡೆಯ ಹಸಿರು ವೈರು ಬೋರ್ಡಿನವರೆಗೆ ಬಂದು ಅಲ್ಲೇ ಮಡಚಿಕೊಂಡು ಕೂತಿತ್ತು, ಎಲ್ಲಿಗೂ ಹೋಗಿರಲಿಲ್ಲ. ಹಿತ್ತಲಲ್ಲಿ ಹೊಸ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಪೈಪು ಇಳಿಸಿದರು. ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಬಂತು. ದುಡ್ಡು ನಾನು ಕೊಡ್ತೀನಿ ಅಂದ್ರೂ ತಮ್ಮ ಒಪ್ಪಲಿಲ್ಲ. ಒಂದು ಟಿಬಿ ಎಸ್‌ಎಸ್‌ಡಿ 500 ಜಿಬಿ ಆಯ್ತು, 32 ಜಿಬಿ ರ‍್ಯಾಮು 16 ಆಯ್ತು. ಅವೆರಡನ್ನೂ ಮುಂದೆ ಯಾವಾಗ ಬೇಕಾದರೂ ಸೇರಿಸಬಹುದು. ಕೊನೇ ಸಾಲು ಮಾತ್ರ ಪೂರ್ತಿ ಹೆಸರು, ಮಾಡೆಲ್ ನಂಬರು, ವಾರಂಟಿ ವರ್ಷದ ಜೊತೆ ಲಿಸ್ಟಿನ ಮೇಲಕ್ಕೆ ಹೋಯ್ತು. ಸಂಜೆ ಮೀಟರು ಇಟ್ಟಾಗ 1.8 ವೋಲ್ಟ್. ಚಿಕ್ಕಮ್ಮನ ಕೈ ಹಿಡಿದು ಹಳೇ ಕ್ಯಾಬಿನೆಟ್ ಮುಟ್ಟಿಸಿದ. ‘ಏನೂ ಇಲ್ಲ ಕಣೋ’ ಅಂದರು, ನಂಬಿಕೆ ಬರದೆ ಇನ್ನೊಂದು ಸಲ ಮುಟ್ಟಿದರು.

ಹೊಸ ಪಿಸಿ ಎರಡು ವಾರದ ಹಿಂದೆ ತಯಾರಾಯ್ತು. ಮೊನ್ನೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಬಾಕ್ಸಿಗೆ ಹಾಕಿ (ರೋಡ್ ಹಂಪುಗಳ ಮೇಲೆ ಸ್ಲಾಟಿನಲ್ಲಿ ನೇತಾಡೋಕೆ ಬಿಡಬಾರದು), ಉಳಿದದ್ದನ್ನ ಸ್ಕೂಟರಿನಲ್ಲಿಟ್ಟು ದೇವನಹಳ್ಳಿಗೆ ಹೊರಟ. ಮಲ್ಟಿಮೀಟರೂ ಈಗ ಅವನದೇ. ರಾತ್ರಿ ಫೋನ್ ಬಂತು.

‘ಅಣ್ಣ, ಪಿಜಿಯಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ 85 ತೋರಿಸ್ತಿದೆ.’

‘ಓನರ್‌ಗೆ ಹೇಳಿದ್ಯಾ?’

‘ಹೇಳ್ದೆ. ಇಷ್ಟು ವರ್ಷದಿಂದ ಎಲ್ಲರೂ ಫೋನು ಚಾರ್ಜ್ ಮಾಡ್ತಿದಾರಲ್ಲ, ನಿಂದೇನಪ್ಪಾ ಹೊಸದು ಅಂದ್ರು.’

ಪಿಸಿ ಇನ್ನೂ ಬ್ಯಾಗಿನಲ್ಲೇ ಇದೆಯಂತೆ. ಮಂಚದ ಕೆಳಗೆ.