ಬರಹ ಬೇರೆ, ಸಂಖ್ಯೆ ಬೇರೆ



ಪ್ರೋಗ್ರಾಮಿಂಗ್ ಕಲಿಯುವವರಿಗೆ ಕೊಡುವ ಸೊಗಸಾದ ಲೆಕ್ಕವೊಂದಿದೆ. ದಶಮಾನ ಪದ್ಧತಿಯ ಒಂದು ಸಂಖ್ಯೆಯನ್ನು ಬೇರೊಂದು ಆಧಾರಕ್ಕೆ, ಮೂರಕ್ಕೆ ಎಂದಿಟ್ಟುಕೊಳ್ಳೋಣ, ಪರಿವರ್ತಿಸಬೇಕು. ಬಂದ ಅಂಕಿಗಳ ಸಾಲನ್ನು ಸೊನ್ನೆಯಿರುವಲ್ಲೆಲ್ಲ ತುಂಡರಿಸಬೇಕು. ಪ್ರತಿ ತುಂಡನ್ನೂ ದಶಮಾನದ ಸಂಖ್ಯೆಯೆಂದೇ ಓದಿ, ಅವುಗಳಲ್ಲಿ ಅವಿಭಾಜ್ಯಗಳು ಎಷ್ಟೆಂದು ಎಣಿಸಬೇಕು. 58 ಮೂರರ ಆಧಾರದಲ್ಲಿ 2011 ಆಗುತ್ತದೆ. ತುಂಡುಗಳು 2 ಮತ್ತು 11. ಎರಡೂ ಅವಿಭಾಜ್ಯ, ಉತ್ತರ 2.

ನಮ್ಮ ಪಾಠಗಳಲ್ಲಿ ಬಿಟ್ಟುಹೋಗುವ ಒಂದು ತಿಳಿವನ್ನು ಈ ಲೆಕ್ಕ ಕಲಿಸುತ್ತದೆಂಬುದು ನನ್ನ ಅಭಿಪ್ರಾಯ. ಆಧಾರ ಪರಿವರ್ತನೆಯೆಂದರೆ ಭಾಗಿಸುತ್ತಾ ಹೋಗಿ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯುವುದು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಅಂಕ ದೊರೆಯುತ್ತದೆ, ಅರ್ಥ ದೊರೆಯುವುದಿಲ್ಲ. ಮೂರರ ಆಧಾರದಲ್ಲಿ 12 ಎಂದು ಬರೆದದ್ದು ನಮ್ಮ ಐದು. ಕೊನೆಯ ಅಂಕಿ 2 ಎಂದು ಅದನ್ನು ಸಮಸಂಖ್ಯೆಯೆಂದರೆ ತಪ್ಪಾದೀತು. ಆ ನಿಯಮ ದಶಮಾನದ ಬರಹಕ್ಕೆ ಸೇರಿದ್ದು. ಅವಿಭಾಜ್ಯತೆಯಾದರೋ ಸಂಖ್ಯೆಯದೇ ಗುಣ. ಏಳು ಹುಣಿಸೆ ಬೀಜಗಳನ್ನು ಯಾವ ಅಂಕಿಯಲ್ಲಿ ಬರೆದರೂ, ಒಂದಕ್ಕಿಂತ ಹೆಚ್ಚು ಬೀಜಗಳಿರುವ ಸಮಸಾಲುಗಳಾಗಿ ಜೋಡಿಸಲು ಬಾರದು.

ಇನ್ನೊಂದು ಉದಾಹರಣೆ ನೋಡಿ. 797161 ಅವಿಭಾಜ್ಯ ಸಂಖ್ಯೆ. ಮೂರರ ಆಧಾರದಲ್ಲಿ ಅದು ಹದಿಮೂರು ಒಂದುಗಳ ಸಾಲು. ಅದೇ ಸಾಲನ್ನು ದಶಮಾನದಲ್ಲಿ ಓದಿದರೆ 53ರಿಂದ ಭಾಗವಾಗುತ್ತದೆ! ಬರಹ ಒಂದೇ, ಸಂಖ್ಯೆಗಳು ಎರಡು.

ಆರಂಕಿಯ ಸಂಖ್ಯೆ ಹೀಗೆ ಒಂದು ಲಕ್ಷ ಹನ್ನೊಂದು ಸಾವಿರ ಕೋಟಿಯನ್ನು ಮೀರಿತು. 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಯುವುದು ಸುಮಾರು 214 ಕೋಟಿ ಮಾತ್ರ. ಇದನ್ನು ಮರೆತವರ ಪ್ರೋಗ್ರಾಮ್ ಎಡವುತ್ತದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಅದರ ಹಿಂದಿನ ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡುವುದೂ ವ್ಯರ್ಥ. ವರ್ಗಮೂಲದವರೆಗೆ, ಎಂದರೆ ಸುಮಾರು ಹತ್ತೂವರೆ ಲಕ್ಷದವರೆಗೆ, ನೋಡಿದರೆ ಸಾಕು. ವರ್ಗಮೂಲಕ್ಕಿಂತ ದೊಡ್ಡದಾದ ಅಪವರ್ತನಕ್ಕೆ ಅದಕ್ಕಿಂತ ಚಿಕ್ಕದಾದ ಜೊತೆಯೊಂದು ಇರಲೇಬೇಕಷ್ಟೆ. ಕಂಪ್ಯೂಟರಿನ ವೇಗ ಹೆಚ್ಚಿದೆಯೆಂದು ಈ ಯೋಚನೆಯನ್ನು ಬಿಡಬಾರದು.

ಈಗ ಎಳೆಯ ಮಕ್ಕಳಿಗೂ ಕೋಡಿಂಗ್ ಕಲಿಸುವ ಆತುರ ಕಾಣುತ್ತಿದೆ. ಕಲಿಯಲಿ, ಸಂತೋಷ. ಆದರೆ ಮೊದಲು ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿಸಿ. ಸಿದ್ಧ ಪ್ರೋಗ್ರಾಮನ್ನು ನಕಲಿಸಿದ ಮಗುವಿಗೆ ಉತ್ತರವಷ್ಟೇ ಸಿಕ್ಕೀತು. ಆ ಉತ್ತರ ತಪ್ಪಾದಾಗ ಅದನ್ನು ಗುರುತಿಸುವ ಕಣ್ಣು ಸಿಗುವುದು ಕೈಯಾರೆ ಭಾಗಿಸಿ ನೋಡಿದ ಮಗುವಿಗೆ.