ಪ್ಲಾಸ್ಟರ್ ಬಿಚ್ಚುವವರೆಗೆ, ಬಿಚ್ಚಿದ ಮೇಲೆ

ಕೋತಗಿರಿ ತಾಲ್ಲೂಕಿನ ಕೀಳ್ ಕೋತಗಿರಿಯ ಸುತ್ತಣ ಚಹಾ ತೋಟಗಳಲ್ಲಿ ಮಳೆಗಾಲವು ಚಿಗುರಿನ ಕಾಲ. ಕಾಲು ಜಾರುವ ಕಾಲವೂ ಅದೇ. ನೆನೆದ ಇಳಿಜಾರಿನಲ್ಲಿ ಎಲೆಯ ಹೊರೆ ಹೊತ್ತು ಇಳಿಯುವವರು ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಗಿಡ ಸವರುವ ಕತ್ತಿ ಕೈಗೆ ತಾಗುತ್ತದೆ. ಪೊದೆಯ ಮರೆಯಲ್ಲಿ ನಿಂತಿದ್ದ ಕಾಟಿ ಹಾಯುವುದೂ ಉಂಟು. ಆಸ್ಪತ್ರೆಯಲ್ಲಿ ಹೊಲಿಗೆಯನ್ನೋ ಪ್ಲಾಸ್ಟರನ್ನೋ ಹಾಕುವ ಕೆಲಸ ಬೇಗ ಮುಗಿಯುತ್ತದೆ. ಗಾಯಾಳು ಮತ್ತೆ ತೋಟಕ್ಕೆ ಹೋಗುವವರೆಗಿನ ವಾರಗಳು ಮನೆಯಲ್ಲಿ ಕಳೆಯುತ್ತವೆ. ಕೈಕಾಲು ಮೊದಲಿನಂತೆ ಆಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ವಾರಗಳನ್ನು ಅವಲಂಬಿಸಿರುತ್ತದೆ.

ಆ ವಾರಗಳನ್ನು ನೋಡಿಕೊಳ್ಳಲೆಂದೇ ಅಮೆರಿಕದಂತಹ ದೇಶಗಳಲ್ಲಿ ನರ್ಸ್ ಕೇಸ್ ಮ್ಯಾನೇಜರ್ ಎಂಬ ಹುದ್ದೆಯಿದೆ. ಆಕೆ ಸ್ವತಃ ಚಿಕಿತ್ಸೆ ಕೊಡುವವಳಲ್ಲ. ವೈದ್ಯರ ಮಾತನ್ನು ಗಾಯಾಳುವಿಗೆ ತಿಳಿಯುವಂತೆ ಹೇಳುವುದು, ಮುಂದಿನ ತಪಾಸಣೆ ತಪ್ಪದಂತೆ ನೋಡುವುದು, ಯಾವ ಹಗುರ ಕೆಲಸ ಕೊಡಬಹುದೆಂದು ಮಾಲೀಕರೊಡನೆ ಮಾತಾಡುವುದು ಆಕೆಯ ಕರ್ತವ್ಯ. ಈ ಕೆಲಸದ ಬೇರು ಹಳೆಯದು. ಇಂಗ್ಲೆಂಡಿನ ನಾರ್ವಿಚ್ ನಗರದ ಕೋಲ್ಮನ್ ಸಾಸಿವೆ ಕಾರ್ಖಾನೆಯು 1878ರಲ್ಲಿ ಫಿಲಿಪಾ ಫ್ಲವರ್‌ಡೇ ಎಂಬ ದಾದಿಯನ್ನು ನೇಮಿಸಿಕೊಂಡಿತು. ವೈದ್ಯರಿಗೆ ನೆರವಾದ ಬಳಿಕ ಆಕೆ ಕಾಯಿಲೆ ಬಿದ್ದ ಕಾರ್ಮಿಕರ ಮನೆಗಳಿಗೂ ಹೋಗುತ್ತಿದ್ದಳು. ಒಂದು ಮಾತನ್ನು ಮಾತ್ರ ಮರೆಯಲಾಗದು: ಇಂದು ಈ ದಾದಿಯರಲ್ಲಿ ಹಲವರಿಗೆ ಸಂಬಳ ಕೊಡುವುದು ವಿಮಾ ಸಂಸ್ಥೆ. ಆದುದರಿಂದ ಪರಿಹಾರದ ಹಣದ ವಿಚಾರದಲ್ಲಿ ಗಾಯಾಳು ತನ್ನ ಹಿತವನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ.

ಮಣಿಕಟ್ಟು ಮುರಿದ ಒಬ್ಬ ಕಾರ್ಮಿಕಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ಲಾಸ್ಟರ್ ಸಾಮಾನ್ಯವಾಗಿ ಸುಮಾರು 6 ವಾರ ಇರುತ್ತದೆ. ನೋವಿಗೆ ಹೆದರಿ ಆಕೆ ಬೆರಳನ್ನೂ ಆಡಿಸದೆ ಕುಳಿತರೆ ಮೂಳೆ ಕೂಡಿದರೂ ಕೈ ಸೆಟೆದುಕೊಳ್ಳುತ್ತದೆ. ಬೆರಳು ನೀಲಿಗಟ್ಟಿದರೆ, ಮರಗಟ್ಟಿದರೆ, ಊತವೂ ನೋವೂ ಏರುತ್ತ ಹೋದರೆ ಅಂದೇ ಆಸ್ಪತ್ರೆಗೆ ಮರಳಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಮುಂದುವರಿಯಬೇಕು. ಮೊದಲ ದಿನವೇ ತುಂಬು ಹೊರೆ ಹೊರುವುದೂ ಅಪಾಯ, ತಿಂಗಳುಗಟ್ಟಲೆ ಕೆಲಸದಿಂದ ದೂರ ಉಳಿದು ಧೈರ್ಯಗೆಡುವುದೂ ಅಪಾಯ. ಸಸಿಮಡಿಯಂತಹ ಕಡೆ ಹಗುರ ಕೆಲಸದಿಂದ ಆರಂಭಿಸುವುದು ಮೇಲು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ಹೇಳುವವರಿಲ್ಲದೆ ಕೈ ಕಳೆದುಕೊಂಡಂತಾದವರು ಇದ್ದಾರೆ.

ನೀಲಗಿರಿಯ ತೋಟಗಳಲ್ಲಿ ಅಂತಹ ಹುದ್ದೆ ರೂಢಿಯಲ್ಲಿಲ್ಲ. ಆದರೆ ಅದರ ಕೆಲಸವನ್ನು ಹಂಚಿಕೊಳ್ಳಬಲ್ಲವರು ಇದ್ದಾರೆ. 1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯವನ್ನು ವಿಧಿಸಿತು. 300ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿರುವ ತೋಟಕ್ಕೆ ಕಲ್ಯಾಣಾಧಿಕಾರಿ ಬೇಕೆಂದಿತು. ಗೂಡಲೂರಿನಲ್ಲಿ 1990ರಲ್ಲಿ ಸ್ಥಾಪಿತವಾದ ಅಶ್ವಿನಿ ಸಂಸ್ಥೆಯು ಆದಿವಾಸಿ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತರಬೇತುಗೊಳಿಸಿತು. ಅದರ ಆರೋಗ್ಯ ಕಾರ್ಯಕರ್ತೆಯರು ಹಾಡಿಗಳಿಗೆ ಹೋಗಿ ರೋಗಿಗಳನ್ನು ವಿಚಾರಿಸುತ್ತಾರೆ. 2021ರ ಆಗಸ್ಟ್‌ನಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಫಿಸಿಯೋಥೆರಪಿಯೂ ಮನೆಬಾಗಿಲಿಗೆ ಬರುತ್ತದೆ. ಸ್ವಂತ ತುಂಡು ತೋಟದಲ್ಲಿ ದುಡಿಯುವವರಿಗೆ ಮಾಲೀಕರಿಂದ ಪರಿಹಾರವಿಲ್ಲ. ಅವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ವಿಚಾರಿಸಬೇಕು.

ಮನೆಯಲ್ಲಿ ಕೂಲಿ ನಿಂತಾಗ ಗಾಯಾಳು ಪೂರ್ತಿ ಗುಣವಾಗುವ ಮೊದಲೇ ಕೆಲಸಕ್ಕೆ ಓಡುತ್ತಾನೆ. ಇದನ್ನು ತಡೆಯಲೆಂದೇ 1923ರ ಕಾರ್ಮಿಕರ ಪರಿಹಾರ ಕಾಯಿದೆಯು ತಾತ್ಕಾಲಿಕ ಅಸಾಮರ್ಥ್ಯದ ಅವಧಿಯಲ್ಲಿ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ಶೇ. 25ರಷ್ಟನ್ನು, ಅಂದರೆ ಅರ್ಧ ಸಂಬಳವನ್ನು, ಕೊಡಬೇಕೆಂದಿತು. 2009ರ ತಿದ್ದುಪಡಿಯು ಚಿಕಿತ್ಸೆಯ ನಿಜವಾದ ವೆಚ್ಚವನ್ನೂ ಮಾಲೀಕನೇ ಭರಿಸುವಂತೆ ಮಾಡಿತು. ಈ ಪರಿಹಾರದ ವ್ಯವಸ್ಥೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯು ತನ್ನೊಳಗೆ ಸೇರಿಸಿಕೊಂಡಿದೆ. ಅಪಘಾತವನ್ನು ಕೂಡಲೇ ತಿಳಿಸಬೇಕು. ಪರಿಹಾರದ ಅರ್ಜಿಗೆ 2 ವರ್ಷಗಳ ಗಡುವಿದೆ. ಆಸ್ಪತ್ರೆಯ ಚೀಟಿಯಲ್ಲಿ ಗಾಯವು ಕೆಲಸದ ವೇಳೆ ಆಯಿತೆಂದು ದಾಖಲಾಗಿದೆಯೇ ಎಂದು ಮೊದಲ ದಿನವೇ ನೋಡಿಕೊಂಡರೆ ಮುಂದಿನ ತೊಡಕು ತಪ್ಪುತ್ತದೆ.

ಕನ್ನಡ ಕಲಿಯುವ ಮಕ್ಕಳಿರುವ ಮನೆಗಳಿಗೆ ಇನ್ನೊಂದು ತೊಡಕೂ ಇದೆ. ಆಸ್ಪತ್ರೆಯ ಮಾತು ತಮಿಳು, ಚೀಟಿ ಇಂಗ್ಲಿಷ್, ಮನೆಯ ಮಾತು ಕನ್ನಡ ಅಥವಾ ಬಡಗ. ಆಗ ದುಭಾಷಿಯ ಹೊರೆ ಬೀಳುವುದು ಶಾಲೆಗೆ ಹೋಗುವ ಮಗುವಿನ ಮೇಲೆ. ಮಾತ್ರೆಯ ಲೆಕ್ಕದಲ್ಲಿ ಮಗು ತಪ್ಪಿದರೆ ಅನುಭವಿಸುವವರು ತಂದೆತಾಯಿ. ಹಿರಿಯರೊಬ್ಬರು ಜೊತೆಗೆ ಹೋಗಿ, ತಮಗೆ ಅರ್ಥವಾದುದನ್ನು ದಾದಿಗೆ ತಿರುಗಿ ಹೇಳಿ ಸರಿಯೆನಿಸಿಕೊಂಡ ಮೇಲೆಯೇ ಮನೆಗೆ ಹೊರಡಬೇಕು. ಮಗುವಿಗೆ ಒಪ್ಪಿಸಬಹುದಾದ ಕೆಲಸ ಬೇರೆಯಿದೆ. ಮುಂದಿನ ತಪಾಸಣೆಯ ದಿನ, ಮಾತ್ರೆಯ ವೇಳೆ, ಅಂದಂದಿನ ವ್ಯಾಯಾಮ, ಕೊಟ್ಟ ಹಣ ಇವುಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡುವುದು. ವೈದ್ಯರು, ಕಲ್ಯಾಣಾಧಿಕಾರಿ, ಕಾರ್ಮಿಕ ಸಂಘದವರು ಕೇಳಿದಾಗ ಆ ಪುಸ್ತಕವನ್ನು ತೆರೆದು ಉತ್ತರಿಸಬಹುದು. ಕೇಸ್ ಮ್ಯಾನೇಜರ್ ಇಲ್ಲದ ಊರಿನಲ್ಲಿ ಆಕೆಯ ಕೆಲಸವನ್ನು ಹೀಗೆ ಮನೆಯವರೇ ಸ್ವಲ್ಪಮಟ್ಟಿಗೆ ಮಾಡಿಕೊಳ್ಳಲು ಸಾಧ್ಯವಿದೆ.